ಜಾರುವ ಭುಜ, ಸವೆಯುವ ಮೂಳೆ

ಪರ್ವರಿಯ ಗೋವಾ ಕ್ರಿಕೆಟ್ ಸಂಸ್ಥೆಯ ಅಕಾಡೆಮಿ ಮೈದಾನದಂಥ ಕಡೆ ಬೌಂಡರಿ ತಡೆಯಲು ಕೈಚಾಚಿ ಹಾರುವ ಹುಡುಗರ ಭುಜಕ್ಕೆ ಅಪಾಯ ಹೆಚ್ಚು. ಕೀಲು ಮುಂದಕ್ಕೆ ಜಾರುತ್ತದೆ. ಕೂರಿಸಿ, ಕೈಯನ್ನು ಜೋಳಿಗೆಗೆ ಕಟ್ಟುತ್ತಾರೆ. ಎಳೆ ವಯಸ್ಸಿನ ಆಟಗಾರರಲ್ಲಿ ಒಮ್ಮೆ ಜಾರಿದ ಭುಜ ಮತ್ತೆ ಜಾರುವುದು ತೀರಾ ಸಾಮಾನ್ಯ. ಕ್ರಮೇಣ ಅಂಗಿ ತೊಡುವಾಗ, ನಿದ್ದೆಯಲ್ಲಿ ಮಗ್ಗುಲಾಗುವಾಗಲೂ ಕಳಚುತ್ತದೆ. ಅದನ್ನು ತಾವೇ ಕೂರಿಸಿಕೊಳ್ಳಲು ಕಲಿತವರೂ ಇದ್ದಾರೆ. ನನಗೆ ಆತಂಕ ಹುಟ್ಟಿಸುವುದು ಈ ರೂಢಿಯೇ. ಯಾಕೆಂದರೆ ಒಳಗೆ ಮೂಳೆ ಹಾಳಾಗುತ್ತಿರುತ್ತದೆ.

ತೋಳಿನ ಮೂಳೆಯ ಗುಂಡುತಲೆ ಕುಳಿತಿರುವುದು ಆಳವಿಲ್ಲದ ತಟ್ಟೆಯಂಥ ಗುಳಿಯಲ್ಲಿ. ಜಾರುವಾಗ ತಟ್ಟೆಯ ಮುಂದಿನ ಅಂಚು ಮುರಿಯುತ್ತದೆ, ಇಲ್ಲವೇ ಸವೆಯುತ್ತದೆ. ಅದೇ ಅಂಚು ಒತ್ತಿ ಗುಂಡುತಲೆಯ ಹಿಂಬದಿಯಲ್ಲಿ ತಗ್ಗು ಬೀಳುತ್ತದೆ. 1940ರಲ್ಲಿ ಇದನ್ನು ವಿವರಿಸಿದ ಅಮೆರಿಕದ ರೇಡಿಯಾಲಜಿಸ್ಟರಿಬ್ಬರ ನೆನಪಿಗೆ ಅದು ‘ಹಿಲ್-ಸ್ಯಾಕ್ಸ್’ ಗಾಯ.

ಗುಳಿಯ ಸುತ್ತಲಿನ ಮೆದು ಅಂಚುಪಟ್ಟಿಯೂ ಜಾರುವಾಗ ಹರಿಯುತ್ತದೆ; ಅದನ್ನು ಕೀಹೋಲ್ ಶಸ್ತ್ರಚಿಕಿತ್ಸೆಯಲ್ಲಿ ಹೊಲಿದರೆ ಸಾಕೆಂಬ ನಂಬಿಕೆಯನ್ನು 2000ರಲ್ಲಿ ಶಸ್ತ್ರವೈದ್ಯರಾದ ಬರ್ಕ್‌ಹಾರ್ಟ್ ಮತ್ತು ಡಿ ಬೀರ್ ಅಲ್ಲಾಡಿಸಿದರು. ಅವರು ಪರಿಶೀಲಿಸಿದ್ದು ಇಂಥ 194 ಶಸ್ತ್ರಚಿಕಿತ್ಸೆಗಳನ್ನು. ಮೂಳೆ ಹೆಚ್ಚು ಹಾಳಾಗದವರಲ್ಲಿ ತೊಂದರೆ ಮರುಕಳಿಸಿದ್ದು ಶೇ 4ರಷ್ಟು ಮಂದಿಗೆ. ಹೆಚ್ಚು ಹಾಳಾದವರಲ್ಲಿ ಶೇ 67ರಷ್ಟು. ಹೊಲಿಗೆ ಒಂದೇ, ಫಲ ಮಾತ್ರ ಅಜಗಜಾಂತರ!

ಹಾಗಾಗಿ ಅಳತೆ ಮುಖ್ಯ. ಮಾಮೂಲಿ ಎಕ್ಸ್‌ರೇಯಲ್ಲಿ ಅಂಚಿನ ಸವೆತ ಸುಲಭವಾಗಿ ಮರೆಯಾಗುತ್ತದೆ. ಎಂಆರ್‌ಐ ಅಂಚುಪಟ್ಟಿ, ಸ್ನಾಯುಗಳನ್ನು ಚೆನ್ನಾಗಿ ತೋರಿಸುತ್ತದೆ. ಮೂಳೆಯ ಲೆಕ್ಕಕ್ಕೆ ಇಂದಿಗೂ ಹೆಚ್ಚಿನವರು ನೆಚ್ಚುವುದು ತ್ರೀಡಿ ಸಿಟಿ ಸ್ಕ್ಯಾನನ್ನು. ಕಂಪ್ಯೂಟರಿನಲ್ಲಿ ಗುಂಡುತಲೆಯನ್ನು ಅಳಿಸಿ, ಗುಳಿಯನ್ನಷ್ಟೇ ಎದುರಿನಿಂದ ನೋಡುತ್ತಾರೆ. ಗುಳಿಯ ಕೆಳಭಾಗ ಹೆಚ್ಚುಕಡಿಮೆ ವೃತ್ತಾಕಾರ. ಅದರ ಮೇಲೆ ವೃತ್ತ ಎಳೆದರೆ ಎಷ್ಟು ಮೂಳೆ ಹೋಗಿದೆಯೆಂದು ಶೇಕಡಾವಾರು ಸಿಗುತ್ತದೆ. ಶೇ 20–25 ದಾಟಿದರೆ ಹೊಲಿಗೆಯೊಂದೇ ಸಾಲದೆಂದು ಬಹುತೇಕ ತಜ್ಞರು ಎಣಿಸುತ್ತಾರೆ. 2015ರಲ್ಲಿ ಅಮೆರಿಕದ ಸೇನಾ ವೈದ್ಯರು ಶೇ 13.5ರಷ್ಟು ಸವೆತವೂ ಫಲಿತಾಂಶ ಕೆಡಿಸುತ್ತದೆಂದು ತೋರಿಸಿದರು. ಹಿಂಬದಿಯ ತಗ್ಗು ಗುಳಿಯ ಅಂಚಿಗೆ ಸಿಕ್ಕಿಕೊಳ್ಳುತ್ತದೆಯೇ ಎಂಬುದನ್ನೂ ಲೆಕ್ಕ ಹಾಕಬೇಕು. ಮೂಳೆ ತುಂಬಲೇಬೇಕಾದಾಗ ಹೆಗಲೆಲುಬಿನ ಕೊಕ್ಕಿನಂಥ ತುದಿಯನ್ನು ಕತ್ತರಿಸಿ ಅಂಚಿಗೆ ಸ್ಕ್ರೂ ಹಾಕಿ ಕೂರಿಸುತ್ತಾರೆ. 1954ರಲ್ಲಿ ಫ್ರಾನ್ಸಿನ ಲಾಟರ್ಜೆ ಪ್ರಕಟಿಸಿದ ವಿಧಾನವಿದು.

ಸಿಟಿಯ ವಿಕಿರಣದ ಅಳುಕು ಸಹಜ. ಆದರೆ ತಪ್ಪು ಶಸ್ತ್ರಚಿಕಿತ್ಸೆಗೆ ತೆರುವ ಬೆಲೆ ಅದಕ್ಕಿಂತ ದೊಡ್ಡದು ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾರವಾರ, ಅಂಕೋಲಾ ಕಡೆಯ ಎಷ್ಟೋ ಮಂದಿ ದೊಡ್ಡ ಚಿಕಿತ್ಸೆಗೆ ಗೋವಾದಲ್ಲಿ ಜುವಾರಿಯಾಚೆಯ ಬಾಂಬೋಳಿಗೋ ಮಣಿಪಾಲಕ್ಕೋ ಹೋಗುತ್ತಾರೆ. ಎಲ್ಲಿಗೇ ಹೋಗಿ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ವೈದ್ಯರನ್ನು ಕೇಳಿ: ಗುಳಿಯ ಮೂಳೆ ಶೇಕಡಾ ಎಷ್ಟು ಹೋಗಿದೆ? ಅದನ್ನು ಅಳೆದದ್ದು ಹೇಗೆ?