ಕತ್ತಲು ಕಾಯುವ ಊರು

ಲಡಾಖಿನ ಹಾನ್ಲೆಯಲ್ಲಿ ಸಂಜೆ ದೀಪ ಹಾಕುವ ಮೊದಲು ಕಿಟಕಿಯ ಪರದೆ ಎಳೆಯುತ್ತಾರೆ. ದಪ್ಪನೆಯ ಪರದೆ, ಒಳಗಿನ ಬೆಳಕಿನ ಒಂದು ಗೆರೆಯೂ ಅಂಗಳಕ್ಕೆ ಬೀಳಬಾರದು. ಹೊರಗಿನ ದೀಪಗಳಿಗೆ ಮೇಲಿನಿಂದ ಮುಚ್ಚಳವಿದೆ. ರಾತ್ರಿ ಬರುವ ಗಾಡಿಗಳು ಹೈಬೀಮ್ ಹಾಕುವಂತಿಲ್ಲ. ಪಶ್ಮೀನಾ ಆಡು ಸಾಕುವ ಚಾಂಗ್‌ಪಾ ಜನರ ಈ ಬಯಲಿಗೆ 2023ರಿಂದ ವರ್ಷಕ್ಕೊಮ್ಮೆ, ಸೆಪ್ಟೆಂಬರ್ ಇಲ್ಲವೇ ಅಕ್ಟೋಬರ್ ಅಮಾವಾಸ್ಯೆಯ ಆಸುಪಾಸಿನಲ್ಲಿ, ದೇಶದ ನಾನಾ ಕಡೆಯ ಹವ್ಯಾಸಿಗಳು ಕ್ಯಾಮೆರಾ, ದೂರದರ್ಶಕ ಹೊತ್ತು ಬರುತ್ತಾರೆ. ಈ ಕೂಟದ ಹೆಸರು ಸ್ಟಾರ್ ಪಾರ್ಟಿ.

ಇದನ್ನು ನಡೆಸುವುದು ನಮ್ಮ ಕೋರಮಂಗಲದ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ. ಹಾನ್ಲೆಗೂ ಬೆಂಗಳೂರಿಗೂ ನಂಟು ಹಳೆಯದು. ಅಲ್ಲಿನ ಬೆಟ್ಟದ ಮೇಲೆ, 4,500 ಮೀಟರ್ ಎತ್ತರದಲ್ಲಿ, 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವಿದೆ. 2000ನೇ ಇಸವಿಯಲ್ಲಿ ಅದು ಮೊದಲ ಬಾರಿ ಆಕಾಶಕ್ಕೆ ಕಣ್ಣು ತೆರೆಯಿತು. ಅದನ್ನು ಬಳಸುವ ವಿಜ್ಞಾನಿ ಕೂರುವುದು ಮಾತ್ರ ಹೊಸಕೋಟೆಯಲ್ಲಿ. ಆದೇಶಗಳು ಉಪಗ್ರಹದ ಮೂಲಕ ಬೆಟ್ಟ ಹತ್ತುತ್ತವೆ. ಆ ದೂರದರ್ಶಕಕ್ಕೆ ಬೇಕಾದ ಕತ್ತಲನ್ನು ಉಳಿಸಿಕೊಳ್ಳಲು 2022ರ ಡಿಸೆಂಬರಿನಲ್ಲಿ ಸುತ್ತಲಿನ 1,073 ಚದರ ಕಿಲೋಮೀಟರ್ ಪ್ರದೇಶವನ್ನು ಲಡಾಖ್ ಆಡಳಿತ 'ಡಾರ್ಕ್ ಸ್ಕೈ ರಿಸರ್ವ್' ಎಂದು ಘೋಷಿಸಿತು. ಹುಲಿಗೆ, ಆನೆಗೆ ಅಭಯಾರಣ್ಯ ಮಾಡಿದ ದೇಶದಲ್ಲಿ ರಾತ್ರಿಗೂ ಒಂದು ಅಭಯಾರಣ್ಯ ಸಿಕ್ಕಿತಲ್ಲ ಎಂದು ನನಗೆ ಈಗಲೂ ಹಿಗ್ಗು.

ಅಲ್ಲಿಗೆ ಹೋಗುವುದು ಸುಲಭವಲ್ಲ. ಲೇಹ್‌ನಲ್ಲಿ ಎರಡು ಮೂರು ದಿನ ನಿಂತು ಮೈಯನ್ನು ತೆಳು ಗಾಳಿಗೆ ಒಗ್ಗಿಸಿಕೊಳ್ಳಬೇಕು. ಗಡಿ ಪ್ರದೇಶವಾದ್ದರಿಂದ ಪರವಾನಗಿ ಬೇಕು. ಆಮೇಲೆ ಸಿಂಧೂ ನದಿಯ ಜೊತೆಜೊತೆಗೇ ದಿನವಿಡೀ ಪ್ರಯಾಣ.

ಕತ್ತಲಾಗುತ್ತಲೇ ಬಿಳಿ ಟಾರ್ಚುಗಳು ಚೀಲ ಸೇರುತ್ತವೆ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು, ಕೆಡಲು ಒಂದು ಮೊಬೈಲ್ ಪರದೆ ಸಾಕು. ಮಂದ ಕೆಂಪು ಬೆಳಕಿಗಷ್ಟೇ ಅನುಮತಿ. ಮೊದಲ ಕೆಲಸ ಧ್ರುವ ನಕ್ಷತ್ರವನ್ನು ಹುಡುಕುವುದು. ಬೆಂಗಳೂರಿನಲ್ಲಿ ದಿಗಂತದಿಂದ 13 ಡಿಗ್ರಿ ಎತ್ತರದಲ್ಲಿ, ಕಟ್ಟಡಗಳ ಮರೆಯಲ್ಲಿರುವ ಧ್ರುವ ಇಲ್ಲಿ 33 ಡಿಗ್ರಿ ಎತ್ತರದಲ್ಲಿ ನಿಚ್ಚಳವಾಗಿ ನಿಂತಿರುತ್ತಾನೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಕ್ಯಾಮೆರಾವನ್ನು ಬರೀ ಸ್ಟ್ಯಾಂಡಿನ ಮೇಲಿಟ್ಟರೆ, 20 ಎಂಎಂ ಲೆನ್ಸಿನಲ್ಲಿ ಸುಮಾರು 20 ಸೆಕೆಂಡ್ ದಾಟುವಷ್ಟರಲ್ಲಿ ಚುಕ್ಕಿಗಳು ಗೆರೆಗಳಾಗಿ ಎಳೆದುಕೊಳ್ಳುತ್ತವೆ. ಆದ್ದರಿಂದ ನಕ್ಷತ್ರಗಳ ಹಿಂದೆಯೇ ತಿರುಗುವ ಟ್ರ್ಯಾಕರ್ ಬೇಕು. ಅದರ ಅಕ್ಷ ಆಕಾಶದ ಉತ್ತರ ಧ್ರುವದತ್ತ ನೇರವಾಗಿರಬೇಕು. ಕೊರೆಯುವ ಚಳಿಯಲ್ಲಿ ಕೈಗವಸು ಕಳಚಿ ಸಣ್ಣ ತಿರುಪುಗಳನ್ನು ಕೂದಲೆಳೆಯಷ್ಟು ತಿರುಗಿಸುವ ಆ ಇಪ್ಪತ್ತು ನಿಮಿಷದ ತಾಳ್ಮೆಯ ಮೇಲೆ ಇಡೀ ರಾತ್ರಿಯ ಕೆಲಸ ನಿಂತಿರುತ್ತದೆ.

ಈ ಹವ್ಯಾಸಿಗಳು ಒಂದೇ ಕ್ಲಿಕ್ಕಿನಲ್ಲಿ ಚಿತ್ರ ತೆಗೆಯುವುದಿಲ್ಲ. ದೇವಯಾನಿ ಗೆಲಾಕ್ಸಿಯನ್ನೇ ತೆಗೆದುಕೊಳ್ಳಿ. 25 ಲಕ್ಷ ಜ್ಯೋತಿರ್ವರ್ಷ ದೂರದಿಂದ ಬರುವ ಬೆಳಕು ಹನಿಹನಿಯಾಗಿ ಬೀಳುತ್ತದೆ. ಎರಡೆರಡು ನಿಮಿಷದ ಚಿತ್ರಗಳನ್ನು ಗಂಟೆಗಟ್ಟಲೆ ತೆಗೆದು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸುತ್ತಾರೆ. ಗೆಲಾಕ್ಸಿ ಎಲ್ಲ ಚಿತ್ರಗಳಲ್ಲೂ ಅದೇ ಜಾಗದಲ್ಲಿರುತ್ತದೆ. ಮರಳು ಚೆಲ್ಲಿದಂಥ ಕಾಳುಗಳು, ಅಂದರೆ ನಾಯ್ಸ್, ಪ್ರತಿ ಚಿತ್ರದಲ್ಲೂ ಜಾಗ ಬದಲಿಸುತ್ತವೆ. ಸರಾಸರಿ ತೆಗೆದಾಗ ಕಾಳು ಕರಗಿ ಗೆಲಾಕ್ಸಿಯ ಸುರುಳಿ ಉಳಿಯುತ್ತದೆ. ಆದರೆ ಲೆಕ್ಕ ಬಿಗಿ: ನಾಲ್ಕು ಪಟ್ಟು ಚಿತ್ರ ತೆಗೆದರೆ ಕಾಳು ಇಳಿಯುವುದು ಅರ್ಧಕ್ಕೆ, ನೂರು ಪಟ್ಟು ತೆಗೆದರೆ ಹತ್ತನೇ ಒಂದಕ್ಕೆ. ನಗರದ ಬೆಳಕು ಬೆರೆತ ಆಕಾಶದಲ್ಲಿ ಕಾಳಿನ ರಾಶಿಯೇ ದೊಡ್ಡದು. ಅಲ್ಲಿ ವಾರಗಟ್ಟಲೆ ಬೆವರು ಸುರಿಸಿದರೂ ದಕ್ಕದ್ದು ಇಲ್ಲಿ ಒಂದು ರಾತ್ರಿಗೆ ದಕ್ಕುತ್ತದೆ.

ಬಣ್ಣದ ವಿಷಯವೂ ಹೇಳಬೇಕು. ನಡುರಾತ್ರಿ ಸುಮಾರಿಗೆ ಮಹಾವ್ಯಾಧ ಪೂರ್ವದಲ್ಲಿ ಏಳುತ್ತಾನೆ. ಅವನ ಖಡ್ಗದ ನೀಹಾರಿಕೆ ದೂರದರ್ಶಕದಲ್ಲಿ ಬೂದು ಹೊಗೆಯಂತೆ ಕಂಡು ಹೊಸಬರಿಗೆ ನಿರಾಸೆಯಾಗುತ್ತದೆ. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ತಿಳಿಯುವುದಿಲ್ಲ, ಅಷ್ಟೇ. ಚಿತ್ರದಲ್ಲಿ ಕಾಣುವ ಕೆಂಪು ಹೈಡ್ರೋಜನ್ ಅನಿಲದ ನಿಜವಾದ ಬೆಳಕು, 656 ನ್ಯಾನೋಮೀಟರಿನದು. ಮಾಮೂಲಿ ಕ್ಯಾಮೆರಾದ ಒಳಗಿನ ಫಿಲ್ಟರ್ ಆ ಕೆಂಪನ್ನು ಬಹುಪಾಲು ತಡೆಯುವುದರಿಂದ ಪಳಗಿದವರು ಅದನ್ನು ತೆಗೆಸಿಬಿಟ್ಟಿರುತ್ತಾರೆ. 2024ರ ಮೇ ತಿಂಗಳ ಸೌರ ಬಿರುಗಾಳಿಯ ರಾತ್ರಿ ಹಾನ್ಲೆಯ ಕ್ಯಾಮೆರಾಗಳು ಉತ್ತರ ದಿಗಂತದಲ್ಲಿ ಧ್ರುವಪ್ರಭೆಯ ಕೆಂಪನ್ನು ಹಿಡಿದದ್ದು ಹಲವರಿಗೆ ನೆನಪಿರಬಹುದು.

ವೀಕ್ಷಣಾಲಯದ ಉಸ್ತುವಾರಿ ಎಂಜಿನಿಯರ್ ದೋರ್ಜೆ ಆಂಗ್‌ಚುಕ್ ಸ್ವತಃ ದೊಡ್ಡ ಛಾಯಾಗ್ರಾಹಕರು. ಅವರ ಒಂದು ವಿಡಿಯೊದಲ್ಲಿ ಕ್ಯಾಮೆರಾ ನಕ್ಷತ್ರಗಳನ್ನು ಹಿಡಿದು ನಿಂತಿರುತ್ತದೆ, ನೆಲ ಹೊರಳುತ್ತದೆ. ಭೂಮಿ ತಿರುಗುತ್ತದೆ ಎಂದು ಪಾಠ ಮಾಡುವ ಮೇಷ್ಟ್ರುಗಳೆಲ್ಲ ತರಗತಿಯಲ್ಲಿ ಒಮ್ಮೆ ತೋರಿಸಬೇಕಾದದ್ದು ಅದು.

ನನ್ನ ಮಟ್ಟಿಗೆ ಹಾನ್ಲೆಯ ನಿಜವಾದ ಕಸುಬುದಾರರು ಊರಿನವರೇ. ಸುತ್ತಲಿನ ಹಳ್ಳಿಗಳ 24 ಮಂದಿಗೆ, ಅವರಲ್ಲಿ ಹೆಚ್ಚಿನವರು ಹೆಂಗಸರು, ಸಂಸ್ಥೆ ತರಬೇತಿ ಕೊಟ್ಟು ದೂರದರ್ಶಕಗಳನ್ನು ಒದಗಿಸಿದೆ. ಅವರನ್ನು ಖಗೋಳ ರಾಯಭಾರಿಗಳು ಎನ್ನುತ್ತಾರೆ. ಹಗಲು ಹೊಲ, ದನಕರು, ಅಡುಗೆ. ರಾತ್ರಿ ಪ್ರವಾಸಿಗರಿಗೆ ಶನಿಯ ಬಳೆ, ಕೃತ್ತಿಕೆಯ ಗೊಂಚಲು ತೋರಿಸುವ ಕೆಲಸ. ಹೋಮ್‌ಸ್ಟೇ ನಡೆಸುವ ಮನೆಗಳಿಗೆ ಕತ್ತಲೇ ಆದಾಯ. ಆಕಾಶ ಮಸುಕಾದರೆ ನಷ್ಟ ಯಾರಿಗೆಂದು ಅವರಿಗೆ ಯಾರೂ ವಿವರಿಸಬೇಕಿಲ್ಲ. ಕಾಯ್ದೆಯೊಂದರಿಂದಲೇ ಈ ಕತ್ತಲು ಉಳಿಯುತ್ತಿರಲಿಲ್ಲ ಎಂದು ನಾನು ನಂಬುತ್ತೇನೆ.

ಬೆಳಗಿನ ಜಾವ ಪೂರ್ವದಲ್ಲಿ ಓರೆಯಾದ ಬಿಳಿ ಗೋಪುರದಂತೆ ರಾಶಿಚಕ್ರದ ಬೆಳಕು ಏಳುತ್ತದೆ: ಗ್ರಹಗಳ ನಡುವಿನ ಧೂಳಿಗೆ ತಾಗಿದ ಬಿಸಿಲು ಅದು. ಅದರ ಹಿಂದೆಯೇ ಅರುಣೋದಯ. ಆಗ ಕೊನೆಯ ಕೆಲಸವೊಂದಿದೆ. ಲೆನ್ಸಿನ ಧೂಳು, ಅಂಚಿನ ಕಪ್ಪು ಕಳೆಯಲು, ಮುಂದೆ ಬಿಳಿ ಬಟ್ಟೆ ಬಿಗಿದು ತಿಳಿಯಾದ ಆಕಾಶದ ಬರಿಯ ಚಿತ್ರಗಳನ್ನು ತೆಗೆಯಬೇಕು. ಹಿಮ ಕಟ್ಟಿದ ಬ್ಯಾಟರಿಯನ್ನು ಅಂಗಿಯೊಳಗೆ ಬೆಚ್ಚಗಿಟ್ಟುಕೊಂಡು ಹವ್ಯಾಸಿಗಳು ಆ ಕೆಲಸದಲ್ಲಿರುವಾಗ, ಕೆಳಗಿನ ಮನೆಗಳಲ್ಲಿ ಒಂದೊಂದಾಗಿ ಪರದೆಗಳು ಸರಿಯುತ್ತವೆ.