ಸಣ್ಣ ಕರುಳಿನ ರಚನೆಯೂ ಕಾರ್ಯವೂ



ಶರೀರಶಾಸ್ತ್ರದ ಪಾಠದಲ್ಲಿ ಹೃದಯವೆಂದರೆ ಎಲ್ಲರೂ ಕಿವಿಗೊಡುವರು. ಮೆದುಳೆಂದರೆ ಪ್ರಶ್ನೆಗಳು ಏಳುವವು. ಕರುಳೆಂದ ಕೂಡಲೆ ಹಿಂದಿನ ಬೆಂಚುಗಳಲ್ಲಿ ನಗು ಕೇಳಿಬರುವದು. ಆದರೆ ನಮ್ಮ ನುಡಿಯು ಕರುಳನ್ನು ಕೀಳಾಗಿ ಕಂಡಿಲ್ಲ. ತಾಯಿಯ ಪ್ರೀತಿಯನ್ನು ನಾವು ಹೆತ್ತ ಕರುಳು ಎನ್ನುತ್ತೇವೆ. ಮಗುವನ್ನು ಕರುಳಿನ ಕುಡಿ ಎನ್ನುತ್ತೇವೆ. ಅಪೊಸ್ತಲನಾದ ಪೌಲನು ಕೊರಿಂಥದ ಸಭೆಗೆ ಬರೆಯುವಾಗ, ಶರೀರದ ಕೀಳೆನಿಸುವ ಅವಯವಗಳಿಗೂ ಗೌರವವು ಸಲ್ಲತಕ್ಕದ್ದೆಂಬ ಅರ್ಥದಲ್ಲಿ ಬೋಧಿಸಿರುವನು. ಆದಕಾರಣ ಈ ಸಂಚಿಕೆಯಲ್ಲಿ ಸಣ್ಣ ಕರುಳಿನ ವಿಷಯವಾಗಿ ಕೆಲವು ಮಾತುಗಳನ್ನು ಹೇಳಬಯಸುತ್ತೇವೆ.

ಜಠರವು ಮುಗಿದಲ್ಲಿ ಸಣ್ಣ ಕರುಳು ಆರಂಭವಾಗಿ, ಹೊಟ್ಟೆಯ ಬಲಭಾಗದ ಕೆಳಗೆ ದೊಡ್ಡ ಕರುಳನ್ನು ಸೇರುವದು. ಸಣ್ಣದೆಂಬುದು ಅದರ ಅಗಲಕ್ಕೆ ಬಂದ ಹೆಸರು. ಅಗಲವು ಸುಮಾರು ಒಂದು ಅಂಗುಲ ಮಾತ್ರ. ಉದ್ದವಾದರೋ ಸುಮಾರು ೨೦ ಅಡಿ. ಜೀವಂತ ಶರೀರದಲ್ಲಿ ಸ್ನಾಯುಗಳು ಬಿಗಿದಿರುವದರಿಂದ ಇದಕ್ಕಿಂತ ಕಡಿಮೆ ಇರುವದು. ತರಗತಿಯಲ್ಲಿ ನಾವು ೨೦ ಅಡಿಯ ಸೇದುವ ಹಗ್ಗವನ್ನು ಹಾಸಿದಾಗ ಅದು ಕರಿಹಲಗೆಯಿಂದ ಬಾಗಿಲಿನವರೆಗೆ ಮುಟ್ಟಿತು. ಇಷ್ಟುದ್ದದ ನಾಳವು ಗಂಟುಬೀಳದೆ ಹೊಟ್ಟೆಯೊಳಗೆ ಸುರುಳಿಯಾಗಿರುವದು ಹೇಗೆ? ಒಂದು ತೆಳುವಾದ ಪೊರೆಯು ಅದನ್ನು ಬೆನ್ನಿನ ಗೋಡೆಗೆ ಸೇರಿಸಿ ಹಿಡಿದಿರುವದು. ರಕ್ತನಾಳಗಳೂ ಆ ಪೊರೆಯ ಮೂಲಕವೇ ಬರುವವು.

ಇದರಲ್ಲಿ ಮೂರು ಭಾಗಗಳುಂಟು. ಮೊದಲನೆಯದು ಡಿಯೋಡಿನಂ, ಹನ್ನೆರಡು ಬೆರಳಿನಗಲದಷ್ಟು ಉದ್ದವೆಂಬುದೇ ಆ ಹೆಸರಿನ ಅರ್ಥ. ಎರಡನೆಯದು ಜೆಜುನಂ, ಮೂರನೆಯದು ಇಲಿಯಂ. ನೀವು ಉಂಡ ಜೋಳದ ರೊಟ್ಟಿಯ ಒಂದು ತುತ್ತನ್ನೇ ಹಿಂಬಾಲಿಸೋಣ. ಬಾಯಿಯಲ್ಲಿ ಅಗಿಯಲ್ಪಟ್ಟು, ಜಠರದಲ್ಲಿ ಕಡೆಯಲ್ಪಟ್ಟು, ಅದು ಗಂಜಿಯಂತಾಗಿ ಸ್ವಲ್ಪಸ್ವಲ್ಪವಾಗಿ ಡಿಯೋಡಿನಮ್ಮಿಗೆ ಇಳಿಯುವದು. ಅಲ್ಲಿ ಯಕೃತ್ತಿನಿಂದ ಪಿತ್ತರಸವೂ ಮೇದೋಜೀರಕ ಗ್ರಂಥಿಯಿಂದ ಇನ್ನೊಂದು ರಸವೂ ಬಂದು ಕೂಡುವವು. ಸೀಗೆಯು ಎಣ್ಣೆಯ ಜಿಡ್ಡನ್ನು ಬಿಡಿಸುವಂತೆ ಪಿತ್ತವು ಸೇಂಗಾ ಚಟ್ನಿಯ ಎಣ್ಣೆಯನ್ನು ಸಣ್ಣ ಹನಿಗಳಾಗಿ ಒಡೆಯುವದು. ಉಳಿದ ರಸಗಳು ರೊಟ್ಟಿಯ ಪಿಷ್ಟವನ್ನು ಸಕ್ಕರೆಯಾಗಿಯೂ, ಬೇಳೆಯ ಸಸಾರಜನಕವನ್ನು ಅದರ ಮೂಲದ ತುಣುಕುಗಳಾಗಿಯೂ ಬಿಡಿಸುವವು.

ಇನ್ನು ಹೀರಿಕೊಳ್ಳುವ ಕಾರ್ಯ. ಕರುಳಿನ ಒಳಗೋಡೆಯು ನುಣುಪಾದ ಕೊಳವೆಯಂತಿಲ್ಲ. ಅದು ಮಡಿಕೆಮಡಿಕೆಯಾಗಿದ್ದು, ಆ ಮಡಿಕೆಗಳ ಮೇಲೆ ತುರ್ಕಿ ಟವೆಲ್ಲಿನ ನೂಲೆಳೆಗಳಂತೆ ಲಕ್ಷಾಂತರ ಸೂಕ್ಷ್ಮ ಅಂಕುರಗಳು ನಿಂತಿರುವವು. ಪಠ್ಯಪುಸ್ತಕದಲ್ಲಿ ಇವುಗಳಿಗೆ ವಿಲ್ಲೈ ಎಂದು ಹೆಸರು. ಒಂದೊಂದು ಅಂಕುರವು ಒಂದು ಮಿಲಿಮೀಟರಿಗಿಂತಲೂ ಚಿಕ್ಕದು. ಅದರ ಮೇಲಿನ ಜೀವಕೋಶಗಳಿಗೆ ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವ ಇನ್ನೂ ಕಿರಿದಾದ ಕುಚ್ಚುಗಳುಂಟು. ಇವೆಲ್ಲವನ್ನು ಬಿಡಿಸಿ ಹಾಸಿದರೆ ಸುಮಾರು ೩೦ ಚದರ ಮೀಟರು ನೆಲವನ್ನು ಮುಚ್ಚುವದೆಂದು ವಿಜ್ಞಾನಿಗಳ ಲೆಕ್ಕ. ಈ ಕೋಶಗಳು ಮೂರರಿಂದ ಐದು ದಿನಗಳಲ್ಲಿ ಉದುರಿಹೋಗಿ ಹೊಸವು ಹುಟ್ಟುವವು. ಅಂಕುರದೊಳಗಿನ ರಕ್ತನಾಳಗಳು ಸಕ್ಕರೆ ಮುಂತಾದವುಗಳನ್ನು ಯಕೃತ್ತಿಗೆ ಒಯ್ಯುವವು. ಕೊಬ್ಬು ಬೇರೊಂದು ನಾಳದಿಂದ ಹೋಗುವದು. ಹೀಗೆ ತಟ್ಟೆಯಲ್ಲಿದ್ದ ಅನ್ನವು ನಾವೇ ಆಗಿಬಿಡುವ ಸ್ಥಳವು ಇದು.

ಹೆಣ್ಣುಮಕ್ಕಳು ಇಲ್ಲಿ ಒಂದನ್ನು ನೆನಪಿಡಬೇಕು. ರಕ್ತಕ್ಕೆ ಬೇಕಾದ ಕಬ್ಬಿಣವನ್ನು ಹೆಚ್ಚಾಗಿ ಕರುಳಿನ ಮೊದಲ ಭಾಗವೇ ಹೀರುವದು. ಊಟದೊಡನೆ ಲಿಂಬೆಯ ರಸವಿದ್ದರೆ ಅದಕ್ಕೆ ಸಹಾಯ. ಊಟದೊಡನೆ ಚಹವು ಅಡ್ಡಿ. ಬರಿಗಾಲಿನಲ್ಲಿ ಹೊಲಸು ನೆಲವನ್ನು ತುಳಿದರೆ ಪಾದದಿಂದ ಒಳಹೊಕ್ಕ ಕೊಕ್ಕೆಹುಳುವು ಇದೇ ಕರುಳಿಗೆ ಕಚ್ಚಿಕೊಂಡು ರಕ್ತವನ್ನು ಕುಡಿಯುವದು.

ಆದರೆ ನಮ್ಮ ಜಿಲ್ಲೆಗೆ ಎಲ್ಲಕ್ಕಿಂತ ಮುಖ್ಯವಾದದ್ದು ನೀರಿನ ವಿಷಯ. ನಾವು ಕುಡಿದದ್ದೂ ಶರೀರವೇ ಸುರಿಸಿದ ರಸಗಳೂ ಕೂಡಿ ದಿನಕ್ಕೆ ಸುಮಾರು ೯ ಲೀಟರು ನೀರು ಸಣ್ಣ ಕರುಳಿಗೆ ಬರುವದು. ಅದರಲ್ಲಿ ಬಹುಪಾಲನ್ನು ಅದು ಹಿಂದಕ್ಕೆ ಹೀರುವದು. ಮಿಕ್ಕದ್ದನ್ನು ದೊಡ್ಡ ಕರುಳು ಹೀರಿ, ಸುಮಾರು ಒಂದು ಲೋಟದಷ್ಟು ಮಾತ್ರ ಹೊರಹೋಗುವದು. ಕಾಲರಾ ಮೊದಲಾದ ರೋಗಗಳ ವಿಷವು ಈ ಲೆಕ್ಕವನ್ನು ತಲೆಕೆಳಗು ಮಾಡುವದು. ಕರುಳು ಹೀರುವ ಬದಲು ನೀರನ್ನು ಸುರಿಯತೊಡಗುವದು. ಆಗ ಚಿಕ್ಕ ಮಗುವು ಕೆಲವೇ ತಾಸುಗಳಲ್ಲಿ ಬಾಡಿಹೋಗುವದು. ಕೃಷ್ಣೆ ತುಂಗಭದ್ರೆಯರ ನಡುವೆ ವಾಸಿಸುವ ನಮಗೇ ಶುದ್ಧ ನೀರಿನ ಕೊರತೆಯಿರುವದು ದುಃಖದ ಸಂಗತಿ. ೨೦೨೨ರ ಬೇಸಿಗೆಯ ಕೊನೆಗೆ ರಾಯಚೂರು ನಗರದಲ್ಲಿಯೇ ಕಲುಷಿತ ನೀರಿನಿಂದ ಅನೇಕರು ಹಾಸಿಗೆ ಹಿಡಿದರು, ಕೆಲವರು ತೀರಿಕೊಂಡರು. ೨೦೨೩ರ ಮೇ ತಿಂಗಳಲ್ಲಿ ದೇವದುರ್ಗ ತಾಲೂಕಿನ ರೇಕಲಮರಡಿಯಲ್ಲಿ ಒಂದು ಮಗುವು ಪ್ರಾಣ ಬಿಟ್ಟಿತು.

ಭೇದಿಯಾದವರಿಗೆ ನೀರು ಕೊಟ್ಟರೆ ಭೇದಿಯು ಹೆಚ್ಚುವದೆಂದು ಇಂದಿಗೂ ಕೆಲವು ಮನೆಗಳಲ್ಲಿ ಹಿರಿಯರು ಹೇಳುವದುಂಟು. ಪ್ರೀತಿಯಿಂದ ಹೇಳಿದರೂ ಅದು ತಪ್ಪು. ಯಾಕಂದರೆ ರೋಗದಲ್ಲಿಯೂ ಅಂಕುರಗಳ ಒಂದು ಬಾಗಿಲು ತೆರೆದೇ ಇರುವದು. ಉಪ್ಪೂ ಸಕ್ಕರೆಯೂ ಕೈಹಿಡಿದುಕೊಂಡು ಬಂದರೆ ಆ ಬಾಗಿಲು ಅವುಗಳನ್ನು ಒಳಗೆ ಬಿಡುವದು. ಅವುಗಳ ಬೆನ್ನಹಿಂದೆ ನೀರೂ ಹೋಗುವದು. ೧೯೭೧ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಸೂಜಿಯಿಂದ ಕೊಡುವ ದ್ರವವು ಮುಗಿದಾಗ, ವೈದ್ಯರಾದ ದಿಲೀಪ ಮಹಾಲನಾಬಿಸರು ಈ ನೀರನ್ನೇ ಬಾಯಿಯಿಂದ ಕುಡಿಸಿದರು. ರೋಗಿಗಳಲ್ಲಿ ನೂರಕ್ಕೆ ಸುಮಾರು ೩೦ ಇದ್ದ ಸಾವು ನೂರಕ್ಕೆ ೪ಕ್ಕಿಂತ ಕೆಳಗಿಳಿಯಿತು. ಅಲ್ಲಿ ಲೋಟವನ್ನು ಹಿಡಿದವರು ಬಹುಮಟ್ಟಿಗೆ ರೋಗಿಗಳ ಮನೆಯವರೇ.

ಆದುದರಿಂದ ಮಾನ್ವಿ, ದೇವದುರ್ಗದ ಊರುಗಳಿಗೆ ರಜೆಗೆ ಹೋಗುವ ನೀವು ಇದನ್ನು ಬಾಯಿಪಾಠ ಮಾಡಿಕೊಳ್ಳಿರಿ. ಕಾಸಿ ಆರಿಸಿದ ಒಂದು ಲೀಟರು ನೀರಿಗೆ ಸಮಮಟ್ಟದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಳತೆ ಮೀರಬಾರದು, ಹೆಚ್ಚಾದರೆ ಕೇಡಾಗುವದು. ಆಶಾ ಕಾರ್ಯಕರ್ತೆಯ ಬಳಿ ಓಆರ್‌ಎಸ್ ಪೊಟ್ಟಣವು ದೊರೆತರೆ ಅದೇ ಲೇಸು. ಗುಟುಕು ಗುಟುಕಾಗಿ ಕುಡಿಸಿರಿ, ಎದೆಹಾಲನ್ನು ನಿಲ್ಲಿಸಬೇಡಿರಿ. ಮಗುವಿನ ಕಣ್ಣು ಒಳಸೇರಿದರೆ, ಮೂತ್ರವು ನಿಂತರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಕರುಳಿನ ಚಿತ್ರವನ್ನು ಬರೆದು ಭಾಗಗಳನ್ನು ಗುರುತಿಸಿದರೆ ಪರೀಕ್ಷೆಯಲ್ಲಿ ಅಂಕಗಳು ಬರುವವು. ಆದರೆ ಒಂದು ರಾತ್ರಿ ನಿಮ್ಮ ಮನೆಯಲ್ಲಿ ತಮ್ಮನು ಬಾಡಿ ಮಲಗಿರುವಾಗ, ಅವ್ವನ ಎದುರು ಅಂಜದೆ ಲೋಟ ಚಮಚಗಳನ್ನು ಕೈಗೆತ್ತಿಕೊಂಡರೆ, ಈ ಪಾಠವನ್ನು ನೀವು ಕಲಿತಿರೆಂದು ನಾವು ಸಂತೋಷಪಡುವೆವು.