ಮಣೂಕದ ಬೋರಾನ್, ಡಬ್ಬಿಯ ಬೋರಾನ್

ತಿಕೋಟಾ ತಾಲ್ಲೂಕಿನ ಕಳ್ಳಕವಟಗಿ ಸುತ್ತಿನ ದ್ರಾಕ್ಷಿ ಬೆಳೆಗಾರರಿಗೆ ಬೋರಾನ್ ಹೊಸ ಹೆಸರಲ್ಲ. ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವ ಕೆಲಸ) ಮುಗಿದು ಗೊನೆ ಹೊರಬಂದ ಮೇಲೆ, ಹೂ ಅರಳುವ ಮುಂಚೆ, ಬೋರಾನ್ ಗೊಬ್ಬರವನ್ನು ನೀರಿನಲ್ಲಿ ಕರಗಿಸಿ ಸಿಂಪಡಿಸುವುದುಂಟು. ಅದೇ ತೋಟದ ಹಣ್ಣು ಬೇಸಿಗೆಯಲ್ಲಿ ಶೆಡ್ಡಿನ ಬಲೆಗಳ ಮೇಲೆ ಒಣಗಿ ಮಣೂಕವಾಗುತ್ತದೆ. ಹಾಗಾದರೆ ತಿನ್ನುವವರಿಗೆ ಆ ಬೋರಾನ್‌ನಿಂದ ತೊಂದರೆಯಿದೆಯೇ?

ಸಸ್ಯಗಳಿಗೆ ಬೋರಾನ್ ಅನಿವಾರ್ಯವೆಂದು 1923ರಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೇಂದ್ರದ ಕ್ಯಾಥರೀನ್ ವಾರಿಂಗ್ಟನ್ ತೋರಿಸಿಕೊಟ್ಟರು. ಕೋಶಭಿತ್ತಿಯ ಪೆಕ್ಟಿನ್ ಎಳೆಗಳನ್ನು ಬಿಗಿದು ಕಟ್ಟುವುದು ಇದೇ. ಇದರ ಕೊರತೆಯಾದರೆ ಪರಾಗನಾಳ ಸರಿಯಾಗಿ ಬೆಳೆಯದೆ, ಒಂದೇ ಗೊನೆಯಲ್ಲಿ ದೊಡ್ಡ ಕಾಯಿಗಳ ನಡುವೆ ಮೆಣಸಿನಕಾಳಿನಷ್ಟೇ ಉಳಿದ ಕಾಯಿಗಳು ಕಾಣುತ್ತವೆ. 2009ರಲ್ಲಿ ಶುರುವಾದ ರಾಜ್ಯದ ಭೂಚೇತನ ಯೋಜನೆಯ ಮಣ್ಣು ಪರೀಕ್ಷೆಗಳಲ್ಲಿ ಅರ್ಧಕ್ಕೂ ಹೆಚ್ಚು ಹೊಲಗಳಲ್ಲಿ ಬೋರಾನ್ ಕೊರತೆ ಕಂಡುಬಂದಿತ್ತು.

ಹೆಚ್ಚಾದರೂ ಬಳ್ಳಿ ತಾಳದು. ನೀರಾವರಿಯ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ದಾಟಿದರೆ ದ್ರಾಕ್ಷಿ ಎಲೆಯ ಅಂಚು ಸುಡತೊಡಗುತ್ತದೆ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಮಿತಿ 2.4 ಮಿಲಿಗ್ರಾಂ. ಅಂದರೆ ಈ ವಿಷಯದಲ್ಲಿ ಬಳ್ಳಿ ಮನುಷ್ಯನಿಗಿಂತ ಸೂಕ್ಷ್ಮ.

ಒಣದ್ರಾಕ್ಷಿ ಬೋರಾನ್ ಹೆಚ್ಚಿರುವ ಆಹಾರಗಳಲ್ಲಿ ಒಂದು ಎಂಬುದು ನಿಜ. 100 ಗ್ರಾಂನಲ್ಲಿ ಸುಮಾರು 2ರಿಂದ 4 ಮಿಲಿಗ್ರಾಂ ಇರುತ್ತದೆ. ಅಮೆರಿಕದ ತಜ್ಞರು ವಯಸ್ಕರಿಗೆ ಹಾಕಿದ ಗರಿಷ್ಠ ಮಿತಿ ದಿನಕ್ಕೆ 20 ಮಿಲಿಗ್ರಾಂ, ಯುರೋಪಿನದು 10. ಒಂದು ಹಿಡಿ ಮಣೂಕದಿಂದ ಸಿಗುವುದು ಹೆಚ್ಚೆಂದರೆ 1 ಮಿಲಿಗ್ರಾಂನಷ್ಟು. ಅದರ ಬಹುಪಾಲು ಒಂದೆರಡು ದಿನಗಳಲ್ಲಿ ಮೂತ್ರದ ಮೂಲಕ ಹೊರಹೋಗುತ್ತದೆ.

ಭಯಪಡಬೇಕಾದ್ದು ಡಬ್ಬಿಯಲ್ಲಿರುವ ಬಿಳಿ ಪುಡಿಗೆ.

ಕೇರಂ ಹಲಗೆಗೆ ಉದುರಿಸುವ, ಜಿರಳೆಗೆ ಉಂಡೆ ಕಟ್ಟಿಡುವ ಬೋರಿಕ್ ಪೌಡರ್‌ನ ಒಂದೇ ಗ್ರಾಂನಲ್ಲಿ ಸುಮಾರು 175 ಮಿಲಿಗ್ರಾಂ ಬೋರಾನ್ ಇದೆ. ಶಿಶುಗಳಿಗೆ 2–3 ಗ್ರಾಂ ಪುಡಿಯೇ ಪ್ರಾಣಾಪಾಯ ತರಬಲ್ಲದೆಂದು ವೈದ್ಯಕೀಯ ಗ್ರಂಥಗಳು ಎಚ್ಚರಿಸುತ್ತವೆ. ಬಿಳಿಗಾರ ಎಂದು ಕರೆಯುವ ಬೊರಾಕ್ಸ್ ಕೂಡ ಇದೇ ಜಾತಿಯದು. ಬಾಯಿಹುಣ್ಣಾದ ಕೂಸಿಗೆ ಅದನ್ನು ಜೇನಿನಲ್ಲಿ ಕಲಸಿ ನೆಕ್ಕಿಸುವ ಹಳೆಯ ಮದ್ದು ಸುರಕ್ಷಿತವಲ್ಲ. ಜೇನು–ಬೊರಾಕ್ಸ್ ಮಿಶ್ರಣ ಸವರಿದ ರಬ್ಬರ್ ನಿಪ್ಪಲ್ ಚೀಪುತ್ತಿದ್ದ ಏಳು ಶಿಶುಗಳಿಗೆ ಫಿಟ್ಸ್ ಬಂದ ಪ್ರಕರಣ 1983ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿತ್ತು. ಭಾರೀ ಪ್ರಮಾಣ ಕೊಟ್ಟ ಪ್ರಾಣಿಗಳಲ್ಲಿ ವೃಷಣಕ್ಕೆ, ಗರ್ಭದ ಮರಿಗೆ ಹಾನಿಯಾಗಿದ್ದೂ ದಾಖಲಾಗಿದೆ.

ಆದ್ದರಿಂದ ತೋಟದ ಬೋರಾನ್ ಚೀಲ ಅಡುಗೆಮನೆಗೆ ಬರಬಾರದು, ಉಪ್ಪು ಸಕ್ಕರೆಯ ಹಳೇ ಡಬ್ಬಿಗೆ ಸುರಿಯಬಾರದು. ಮಗು ಪುಡಿ ನುಂಗಿದ ಅನುಮಾನ ಬಂದರೆ ವಾಂತಿ ಮಾಡಿಸುತ್ತ ಕೂರದೆ, ಪೊಟ್ಟಣದ ಸಮೇತ ಆಸ್ಪತ್ರೆಗೆ ಒಯ್ಯಬೇಕು. ಬೋರ್‌ವೆಲ್ ನೀರಿನ ಬಗ್ಗೆ ಸಂಶಯವಿದ್ದರೆ ಪ್ರಯೋಗಾಲಯದಲ್ಲೇ ಪರೀಕ್ಷಿಸಬೇಕು. ಕುದಿಸಿದರೆ ಬೋರಾನ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಏರುತ್ತದೆ.